ಎಂಟರಲ್ಲೊಂದು ಪಾಲು



ಸಿರಾ ತಾಲ್ಲೂಕಿನ ಬರಗೂರಿನ ಕಡೆಯಲ್ಲಿ ಕಡಲೆಕಾಯಿ ಬೆಳೆಯುವ ರೈತನ ಮುಂದೆ ಕಂಬಳಿಹುಳುವಿನ ಹೆಸರೆತ್ತಿದರೆ ಆತನ ಮುಖ ಕಪ್ಪಿಡುತ್ತದೆ. ಮುಂಗಾರಿನ ಮೊದಲ ಮಳೆ ಬಿದ್ದು ನೆಲ ತಣಿಯಿತೆಂದರೆ, ಮಣ್ಣಿನೊಳಗೆ ಕೋಶವಾಗಿ ಮಲಗಿದ್ದ ಜೀವ ಪತಂಗವಾಗಿ ಮೇಲೇಳುತ್ತದೆ, ಮೊಟ್ಟೆಯಿಡುತ್ತದೆ, ಕೆಲವೇ ದಿನಗಳೊಳಗೆ ಕೆಂಗೂದಲಿನ ಹುಳುಗಳ ದಂಡು ಹೊಲದಿಂದ ಹೊಲಕ್ಕೆ ದಾಳಿಯಿಡುತ್ತದೆ. ಬದುವಿನ ಮಗ್ಗುಲಲ್ಲಿ ಕಾಲುವೆ ತೋಡಿ ಅವನ್ನು ಕೆಡಹುವುದು, ರಾತ್ರಿ ಬೆಂಕಿಯ ಬೆಳಕು ತೋರಿಸಿ ಪತಂಗಗಳನ್ನು ಸೆಳೆಯುವುದು, ಇವೆಲ್ಲ ಅಲ್ಲಿಯ ಜನ ಬಲ್ಲ ಯುದ್ಧತಂತ್ರಗಳು. ಅಂತಹ ಊರಿನಲ್ಲಿ ಕುಳಿತು, ಆ ಹುಳುವಿನ ಹೆಸರನ್ನೇ ಹೊತ್ತ ಒಂದು ಯಂತ್ರದ ಕಿರುಪ್ರತಿಯನ್ನು ನಾವೂ ಒಬ್ಬ ಬಡಗಿಯವರೂ ಸೇರಿ ಎರಡು ಬೇಸಿಗೆ ರಜಗಳಲ್ಲಿ ಕಟ್ಟಿದೆವು. ಈ ಹೊತ್ತು ತಮ್ಮ ಮುಂದಿಡಲಿರುವುದು ಆ ಕಥೆಯನ್ನೇ.

ಯಂತ್ರ ಯಾವುದೆಂಬುದನ್ನು ಮೊದಲು ಹೇಳಿಬಿಡಬೇಕು. ಕೆರೆಯ ಹೂಳೆತ್ತುವಲ್ಲಿ, ರಸ್ತೆ ಕಡಿಯುವಲ್ಲಿ, ಚಕ್ರಗಳಿಗೆ ಬದಲು ಎರಡು ಪಕ್ಕಗಳಲ್ಲಿಯೂ ಕಬ್ಬಿಣದ ಅಗಲವಾದ ಸರಪಳಿಯನ್ನು ಸುತ್ತಿಕೊಂಡು ತೆವಳುವ ವಾಹನವನ್ನು ತಾವು ನೋಡಿರಬಹುದು. ನಮ್ಮ ಹಳ್ಳಿಗರು ಅದನ್ನು ಚೈನು ಗಾಡಿ ಎನ್ನುತ್ತಾರೆ. ಅಮೆರಿಕದ ಕ್ಯಾಲಿಫೋರ್ನಿಯ ಪ್ರಾಂತದ ಸ್ಟಾಕ್ಟನ್ ಎಂಬ ಊರಿನ ಬೆಂಜಮಿನ್ ಹೋಲ್ಟ್ ಎಂಬಾತ 1904ನೆಯ ಇಸವಿ ನವೆಂಬರು 24ರಂದು ಇಂತಹುದೊಂದನ್ನು ಹೊಲದಲ್ಲಿ ನಡೆಸಿ ನೋಡಿದ. ಆ ಸೀಮೆಯ ನದೀಮುಖದ ಭೂಮಿ ಕೊಳೆತ ಸಸ್ಯಗಳಿಂದಾದ ಮೆತ್ತನೆಯ ಕಪ್ಪು ಮಣ್ಣು. ಉಗಿಯ ಇಂಜಿನು ಅದರ ಮೇಲೆ ನಿಂತರೆ ಹೂತುಹೋಗುತ್ತಿತ್ತು. ಚಕ್ರವನ್ನು ಅಗಲ ಮಾಡಿ ನೋಡಿದರು. ಇನ್ನೂ ಅಗಲ ಮಾಡಿದರು. ಕಡೆಗೆ ಒಂದು ಯಂತ್ರದ ಒಟ್ಟು ಅಗಲ 46 ಅಡಿಗೆ ಮುಟ್ಟಿತು. ಅದು ಹೊಲದಲ್ಲಿ ತಿರುಗುವುದಾದರೂ ಹೇಗೆ, ಗೇಟಿನಲ್ಲಿ ನುಗ್ಗುವುದಾದರೂ ಹೇಗೆ? ಆಗ ಹೋಲ್ಟನು ಚಕ್ರಗಳನ್ನೇ ಕಳಚಿ, ಸರಪಳಿಗೆ ಮರದ ಅಡ್ಡಪಟ್ಟಿಗಳನ್ನು ಬಿಗಿದು, ಯಂತ್ರವು ತನ್ನ ದಾರಿಯನ್ನು ತಾನೇ ಹಾಸಿಕೊಂಡು ಹೋಗುವಂತೆ ಮಾಡಿದ. ಅದರ ಚಿತ್ರ ತೆಗೆಯಲು ಬಂದಿದ್ದ ಚಾರ್ಲ್ಸ್ ಕ್ಲೆಮೆಂಟ್ಸ್ ಎಂಬ ಛಾಯಾಗ್ರಾಹಕನು ಸರಪಳಿಯ ಏರಿಳಿತವನ್ನು ಕಂಡು ಇದು ಕಂಬಳಿಹುಳುವಿನಂತೆ ತೆವಳುತ್ತದೆ ಎಂದನಂತೆ. ಹೋಲ್ಟನಿಗೆ ಆ ಹೆಸರು ರುಚಿಸಿತು. 1910ರಲ್ಲಿ ಅದನ್ನು ತನ್ನ ಮುದ್ರೆಯಾಗಿ ನೋಂದಾಯಿಸಿಕೊಂಡ. ಬರಗೂರಿನ ರೈತನನ್ನು ಕೇಳಿದ್ದರೆ ಬೇರೆ ಹೆಸರು ಸೂಚಿಸುತ್ತಿದ್ದನೆಂಬುದರಲ್ಲಿ ಸಂದೇಹವಿಲ್ಲ.

ನ್ಯಾಯಕ್ಕಾಗಿ ಇನ್ನೊಂದು ಮಾತು. ಇಂಗ್ಲೆಂಡಿನ ಗ್ರಾಂಥಮ್ ನಗರದ ಹಾರ್ನ್ಸ್‌ಬಿ ಕಾರ್ಖಾನೆಯ ಮುಖ್ಯ ಇಂಜಿನಿಯರು ಡೇವಿಡ್ ರಾಬರ್ಟ್ಸ್ ಎಂಬುವರು ಅದೇ 1904ರಲ್ಲಿ ಇಂತಹುದೇ ಸರಪಳಿಗೆ ಹಕ್ಕು ಪಡೆದಿದ್ದರು. ಕೊಳ್ಳುವವರು ಸಿಕ್ಕದೆ ಆ ಹಕ್ಕುಗಳು ಕಡೆಗೆ ಹೋಲ್ಟನ ಪಾಲಾದುವು. ಒಂದೇ ಕೊರತೆ ಎರಡು ಖಂಡಗಳಲ್ಲಿ ಒಂದೇ ಉಪಾಯವನ್ನು ಹಡೆಯುವುದು ವಿಜ್ಞಾನದ ಚರಿತ್ರೆಯಲ್ಲಿ ಹೊಸದೇನೂ ಅಲ್ಲ.

ನಮ್ಮ ಉದ್ಯೋಗ ಕಾಲೇಜಿನಲ್ಲಿ ಪದಾರ್ಥವಿಜ್ಞಾನದ ಪಾಠ ಹೇಳುವುದು. ಕಲಿತದ್ದು ಇಂಗ್ಲಿಷಿನಲ್ಲಿ, ಕಲಿಸುವುದೂ ಇಂಗ್ಲಿಷಿನಲ್ಲಿ. ಒತ್ತಡವೆಂದರೆ ಭಾರವನ್ನು ವಿಸ್ತೀರ್ಣದಿಂದ ಭಾಗಿಸಿದ ಲಬ್ಧವೆಂದು ವರ್ಷಕ್ಕೆ ಎಷ್ಟು ಮಂದಿ ಹುಡುಗರಿಂದ ಹೇಳಿಸಿದ್ದೇವೋ ಲೆಕ್ಕವಿಲ್ಲ. ರಜ ಬಂದಾಗ ಬರಗೂರಿಗೆ ಹೋಗುವುದು ವಾಡಿಕೆ. ಅಲ್ಲಿ ನಮ್ಮ ಮನೆಯ ಎದುರು ಬೀದಿಯಲ್ಲಿ ಒಬ್ಬ ಆಚಾರಿಯವರಿದ್ದಾರೆ. ಅವರ ತಂದೆ ಗಾಡಿಯ ಚಕ್ರ ಕಟ್ಟುವುದರಲ್ಲಿ ಸುತ್ತ ಹತ್ತು ಹಳ್ಳಿಗೆ ಹೆಸರಾದವರು. ಇವರೂ ಪ್ರಾಯದಲ್ಲಿ ನೇಗಿಲು, ಕುಂಟೆ, ಕೂರಿಗೆಗಳನ್ನು ಮಾಡಿದವರೇ. ಈಗ ಬರುವ ಕೆಲಸವೆಂದರೆ ಬಾಗಿಲ ಚೌಕಟ್ಟು, ಕಿಟಕಿ, ಹೆಚ್ಚೆಂದರೆ ಮದುವೆಯ ಮಂಚ. ಮಗನು ಈ ಕಸುಬನ್ನು ಒಲ್ಲೆನೆಂದು ಬೆಂಗಳೂರಿನ ಪೀಣ್ಯದ ಕಡೆ ಲೋಹದ ಕೆಲಸಕ್ಕೆ ಸೇರಿದ್ದಾನೆ. ತಂದೆ ಮಕ್ಕಳಿಗೆ ಮಾತಿಲ್ಲವೆಂದಲ್ಲ. ಆದರೆ ಕೆಲಸದ ಮಾತಿರಲಿಲ್ಲ.

ಒಂದು ಬೇಸಿಗೆಯಲ್ಲಿ ಆ ಸೀಮೆಯ ಕೆರೆಯೊಂದರ ಹೂಳೆತ್ತುವುದನ್ನು ನೋಡಿ ಬಂದ ಆಚಾರಿಯವರು ನಮ್ಮನ್ನು ಕೇಳಿದ ಪ್ರಶ್ನೆಯಿಂದ ಈ ಕೆಲಸವೆಲ್ಲ ಆರಂಭವಾಯಿತು. "ಬರಿಯ ಗಾಡಿ ಇಳಿದರೆ ಗುಂಬದವರೆಗೆ ಹೂತುಕೊಳ್ಳುವ ಕೆಸರು ಅದು. ಬೆಟ್ಟದಂತಹ ಆ ಯಂತ್ರ ಅದರ ಮೇಲೆ ಚಾಪೆಯ ಮೇಲೆ ನಡೆದಂತೆ ಹೋಯಿತಲ್ಲ, ಏಕೆ?" ಎಂದರು. ನಾವು ಭಾರ, ವಿಸ್ತೀರ್ಣ, ಲಬ್ಧ ಎಂದು ನಮ್ಮ ಮಂತ್ರವನ್ನು ಒಪ್ಪಿಸಿದೆವು. ಅವರು ತಾಳ್ಮೆಯಿಂದ ಕೇಳಿ, "ಸರಿ, ಪುಸ್ತಕದಲ್ಲಿ ಹಾಗಿದೆ. ಏಕೆ ಎಂದು ಕೇಳಿದೆ" ಎಂದರು. ಇಪ್ಪತ್ತು ವರ್ಷ ಪಾಠ ಹೇಳಿದವರ ಬಾಯಿ ಕಟ್ಟಿಹೋಯಿತು. ಮಾಡಿ ನೋಡೋಣವೆ ಎಂದೆವು. ಹೀಗೆ ಹೇಳಿದಾಗ ನಮ್ಮ ಮನಸ್ಸಿನಲ್ಲಿದ್ದುದು ಒಂದು ವಾರದ ಆಟಿಕೆ. ಅವರ ಮನಸ್ಸಿನಲ್ಲಿದ್ದುದು ಬೇರೆ.

ಮಾದರಿಗಾಗಿ ನಾವು ಆರಿಸಿಕೊಂಡದ್ದು ಹೋಲ್ಟನ ಕಂಪೆನಿಯ ಸಂತತಿಯಾದ ಕ್ಯಾಟರ್ಪಿಲ್ಲರ್ ಕಂಪೆನಿಯು 1938ರಿಂದ 1957ರವರೆಗೆ ತಯಾರಿಸಿದ ಡಿ-2 ಎಂಬ ಟ್ರಾಕ್ಟರನ್ನು. ಆ ಮನೆತನದ ಡೀಸಲ್ ಯಂತ್ರಗಳಲ್ಲೆಲ್ಲ ಅದೇ ಚಿಕ್ಕದು, ರೈತನಿಗೆಂದೇ ಮಾಡಿದುದು. ಅದರ ಬಿಡಿಭಾಗಗಳ ಚಿತ್ರಪುಸ್ತಕದ ಮರುಮುದ್ರಣವೊಂದನ್ನು ತರಿಸಿಕೊಂಡೆವು. ಚಿತ್ರದಲ್ಲಿ ಪ್ರತಿಯೊಂದು ಮೊಳೆಯೂ ಗಾಳಿಯಲ್ಲಿ ತೇಲುತ್ತಿರುವಂತೆ ಬಿಡಿಬಿಡಿಯಾಗಿ ಬರೆದಿರುತ್ತದೆ. ನಮಗೆ ಅದು ಗೊಂದಲವಾಗಿ ತೋರಿತು. ಅಕ್ಷರದಲ್ಲಿ ಅಷ್ಟೇನೂ ಪಳಗದ ಆಚಾರಿಯವರು ಪುಟವನ್ನು ಕೊಂಚ ಓರೆ ಮಾಡಿ ಹಿಡಿದು, ಯಾವುದು ಯಾವುದರೊಳಕ್ಕೆ ಹೋಗುತ್ತದೆಂದು ಬೆರಳಿಟ್ಟು ಹೇಳಿಕೊಂಡು ಹೋದರು.

ಪ್ರಮಾಣವನ್ನು ಎಂಟರಲ್ಲೊಂದು ಪಾಲೆಂದು ನಿಶ್ಚಯಿಸಿದೆವು. ನಾವು ದಶಮಾಂಶಗಳಲ್ಲಿ ಪಟ್ಟಿ ಬರೆಯಲು ಹೊರಟಾಗ ಅವರು ತಡೆದು, "ಅಡಿಗೆ ಒಂದೂವರೆ ಅಂಗುಲ, ಅಷ್ಟೇ ತಾನೆ?" ಎಂದರು. ಅಷ್ಟೇ. ಡಿ-2ರ ಎರಡು ಸರಪಳಿಗಳ ನಡುಗೆರೆಗಳಿಗಿರುವ ಅಂತರ, ಕಿರಿಯ ರೂಪದಲ್ಲಿ, 40 ಅಂಗುಲ. ನಮ್ಮ ಮಾದರಿಯಲ್ಲಿ ಅದು 5 ಅಂಗುಲವಾಯಿತು. ನಮ್ಮ ಪಟ್ಟಿಯ ಕಾಗದ ಆ ದಿನವೇ ಒಲೆಗೆ ಹೋಯಿತು.

ಮರದ ಆಯ್ಕೆ ಅವರದೇ. ಚೌಕಟ್ಟಿಗೆ ಕರಿಜಾಲಿ, ಗಾಡಿ ನೇಗಿಲುಗಳಿಗೆ ಹೊಂದಿದ ಮರ, ಪೆಟ್ಟು ತಡೆಯುತ್ತದೆ. ಕೆಳಗಿನ ಉರುಳೆಗಳಿಗೆ ಹಾಲೆಮರ. ಚನ್ನಪಟ್ಟಣದ ಬೊಂಬೆಗಳನ್ನು ಕಡೆಯುವುದು ಇದರಿಂದಲೇ, ಎಳೆ ನಯವಾದುದರಿಂದ ಬೈರಿಗೆಗೂ ಉಳಿಗೂ ಸಿಡಿಯದು. ಇಂಜಿನಿನ ಹೊದಿಕೆಗೆ ಹಳೆಯ ಎಣ್ಣೆ ಡಬ್ಬದ ತಗಡು. ಓಡಿಸುವುದಕ್ಕೆ, ಮೋಟಾರು ಗಾಡಿಯ ಗಾಜನ್ನು ಒರಸುವ ಸಣ್ಣ ವಿದ್ಯುತ್ ಮೋಟಾರು ಒಂದನ್ನು ಗುಜರಿಯಿಂದ ತಂದೆವು. ಇಷ್ಟು ಸಣ್ಣ ಅಳತೆಯಲ್ಲಿ ನಿಜವಾದ ಡೀಸಲ್ ಇಂಜಿನನ್ನು ಮಾಡುವುದು ನಮ್ಮ ಶಕ್ತಿಗೆ ಮೀರಿದ್ದು. ನಾಲ್ಕು ಸಿಲಿಂಡರುಗಳ ಆಕೃತಿಯನ್ನು ಮಾತ್ರ ಮರದಲ್ಲಿ ಕಂಡರಿಸಿದೆವು.

ಆ ಇಂಜಿನಿನ ಒಂದು ವೈಚಿತ್ರ್ಯವನ್ನು ಮಾತ್ರ ತಮಗೆ ಹೇಳದೆ ಮುಂದೆ ಹೋಗಲಾರೆವು. ಡೀಸಲ್ ಇಂಜಿನಿನಲ್ಲಿ ಕಿಡಿಯಿಲ್ಲ. ಗಾಳಿಯನ್ನು ಬಲವಾಗಿ ಅದುಮಿದಾಗ ಹುಟ್ಟುವ ಕಾವಿನಿಂದಲೇ ಎಣ್ಣೆ ಹೊತ್ತಿಕೊಳ್ಳಬೇಕು. ತಣ್ಣಗಿರುವಾಗ ಅದನ್ನು ಎಚ್ಚರಿಸುವುದು ಕುಂಭಕರ್ಣನನ್ನು ಎಬ್ಬಿಸಿದಂತೆ. ಆದಕಾರಣ ದೊಡ್ಡ ಇಂಜಿನಿನ ಪಕ್ಕದಲ್ಲಿ ಎರಡು ಸಿಲಿಂಡರಿನ ಪುಟ್ಟ ಪೆಟ್ರೋಲು ಇಂಜಿನೊಂದನ್ನು ಕೂರಿಸಿದ್ದರು. ಚಾಲಕನು ಹಗ್ಗ ಸುತ್ತಿ ಎಳೆದು ಮೊದಲು ಅದನ್ನು ಹೊತ್ತಿಸುವನು. ಇಬ್ಬರಿಗೂ ತಂಪಿನ ನೀರು ಒಂದೇ. ಚಿಕ್ಕದು ಬಿಸಿಯಾದಂತೆ ಆ ನೀರು ದೊಡ್ಡದರ ಮೈಯನ್ನು ಬೆಚ್ಚಗೆ ಮಾಡುತ್ತದೆ. ಚಿಕ್ಕದರ ಹೊಗೆಯೂ ವ್ಯರ್ಥವಲ್ಲ. ದೊಡ್ಡದು ಉಸಿರೆಳೆಯುವ ಕೊಳವೆಯ ಪಕ್ಕದಲ್ಲಿ ಹಾದು ಆ ಗಾಳಿಯನ್ನು ಕಾಯಿಸುತ್ತದೆ. ಹೀಗೆ ಅಣ್ಣನ ಮೈಕೈ ಬಿಸಿಯಾದ ಮೇಲೆ ತಮ್ಮನು ಹಲ್ಲುಚಕ್ರದ ಮೂಲಕ ಅವನನ್ನು ಹಿಡಿದು ತಿರುಗಿಸುವನು. ಅಣ್ಣ ಎದ್ದೊಡನೆ ತಮ್ಮ ಸುಮ್ಮನಾಗುವನು. ಆಚಾರಿಯವರಿಗೆ ಈ ಏರ್ಪಾಡು ಎಷ್ಟು ಮೆಚ್ಚಾಯಿತೆಂದರೆ, ಹೊದಿಕೆ ಮುಚ್ಚಿದರೆ ಕಾಣಿಸದ ಆ ಚಿಕ್ಕ ಇಂಜಿನಿಗೆ ನಾಲ್ಕು ದಿನ ಕಳೆದರು. ಯಾರೂ ನೋಡರೆಂದು ನಾವೆಂದಾಗ, "ಇದೆ ಎಂದು ನನಗೆ ಗೊತ್ತಿರುತ್ತದಲ್ಲ" ಎಂದರು.

ಚಾಲನೆಯ ವಿಷಯದಲ್ಲಿ ಪಾಠ ಹೇಳಿದವರು ಅವರೇ. ಡಿ-2ರಲ್ಲಿ ತಿರುಗಿಸುವ ಚಕ್ರವೇ ಇಲ್ಲ. ಚಾಲಕನ ಮುಂದೆ ಎರಡು ಸನ್ನೆಕೋಲುಗಳು, ಕಾಲಡಿಯಲ್ಲಿ ಎರಡು ತಡೆಗಳು. ಎಡಗಡೆಯ ಕೋಲನ್ನು ಎಳೆದರೆ ಎಡ ಸರಪಳಿಗೆ ಇಂಜಿನಿನ ಸಂಬಂಧ ಕಡಿಯುತ್ತದೆ. ಬಲಗಡೆಯದು ಎಂದಿನಂತೆ ನಡೆಯುತ್ತದೆ. ಯಂತ್ರ ಎಡಕ್ಕೆ ಹೊರಳುತ್ತದೆ. ಎಡಗಾಲಿನ ತಡೆಯನ್ನೂ ಮೆಟ್ಟಿದರೆ ನಿಂತಲ್ಲಿಯೇ ಸುತ್ತುತ್ತದೆ. ಘರ್ಷಣೆಯ ಬಿಲ್ಲೆಗಳ ಚಿತ್ರವನ್ನು ಬರೆದು ಇದನ್ನು ವಿವರಿಸಲು ನಾವು ಸಿದ್ಧರಾಗುತ್ತಿದ್ದೆವು. ಅವರು ನಕ್ಕು, "ಹೊಲದ ತುದಿಯಲ್ಲಿ ಜೋಡಿ ತಿರುಗಿಸುವಾಗ ಒಳಗಣ ಎತ್ತಿನ ಹಗ್ಗ ಜಗ್ಗಿ ನಿಲ್ಲಿಸಿ, ಹೊರಗಣದನ್ನು ಚಪ್ಪರಿಸುವುದಿಲ್ಲವೆ? ಅದೇ" ಎಂದರು. ಮೋಟಾರಿನಿಂದ ಎರಡು ಪಕ್ಕಕ್ಕೂ ತೊಗಲು ಹೊದಿಸಿದ ಮರದ ಬಿಲ್ಲೆಗಳನ್ನು ಜೋಡಿಸಿ ಈ ಕಟ್ಟು ಬಿಚ್ಚುಗಳನ್ನು ನಿಜವಾಗಿಯೇ ಮಾಡಿದೆವು. ತೊಗಲು ಹಳೆಯ ಚಪ್ಪಲಿಯದು.

ಎಲ್ಲವೂ ಸುಗಮವಾಗಿ ಸಾಗಿತೆಂದು ತಾವು ಭಾವಿಸಬಾರದು. ನಮ್ಮನ್ನು ಕಂಗೆಡಿಸಿದ್ದು ಸರಪಳಿ. ಡಿ-2ರ ಸರಪಳಿಯೆಂದರೆ ಬಾವಿಯ ಸರಪಳಿಯಂತಲ್ಲ. ಪ್ರತಿ ಕೊಂಡಿಯಲ್ಲಿಯೂ ಎರಡು ಕಬ್ಬಿಣದ ಪಟ್ಟಿಗಳು, ಅವನ್ನು ಮುಂದಿನ ಕೊಂಡಿಗೆ ಸೇರಿಸುವ ಅಚ್ಚು, ಅಚ್ಚಿನ ಸುತ್ತ ಕೊಳವೆ, ನೆಲ ಮುಟ್ಟುವ ಕಡೆ ಏಣಿರುವ ಒಂದು ಪಾದ. ಕೊಂಡಿಗಳ ಪಟ್ಟಿಗಳೇ ಒಂದರ ಮುಂದೊಂದು ಬಂದು ರೈಲು ಕಂಬಿಯಾಗುತ್ತವೆ. ಯಂತ್ರದ ಭಾರವನ್ನು ಹೊತ್ತ ಸಣ್ಣ ಉರುಳೆಗಳು ಆ ಕಂಬಿಯ ಮೇಲೆ ಓಡುತ್ತವೆ. ಹೊರಗಿನಿಂದ ನೋಡುವವನಿಗೆ ಸರಪಳಿ ಓಡುವಂತೆ ಕಾಣುತ್ತದೆ. ನೆಲಕ್ಕೆ ತಗುಲಿದ ಭಾಗ ಮಾತ್ರ ಅಲುಗದೆ ಬಿದ್ದಿರುತ್ತದೆ. ಅದರ ಮೇಲೆ ಯಂತ್ರ ಹೋಗುತ್ತದೆ. ಹಿಂದಿನ ಹಲ್ಲುಚಕ್ರ ದಾರಿಯನ್ನು ಎತ್ತಿ ಮುಂದಕ್ಕೆ ಕಳಿಸುತ್ತದೆ, ಮುಂದಿನ ನಯಚಕ್ರ ಅದನ್ನು ಮತ್ತೆ ಹಾಸುತ್ತದೆ.

ನಮ್ಮ ಮಾದರಿಗೆ ಒಂದೊಂದು ಕಡೆಗೆ ಮೂವತ್ತಕ್ಕೂ ಮಿಕ್ಕಿ ಕೊಂಡಿಗಳು ಬೇಕಾದುವು. ಮೊದಲ ಬೇಸಿಗೆಯಲ್ಲಿ ಅಷ್ಟನ್ನೂ ಜಾಲಿಯ ಮರದಲ್ಲಿಯೇ ಕಡೆದರು. ಮರದ ಸರಪಳಿ ಸಲ್ಲದೆಂದು ನಾವು ಸಂಕೋಚಪಟ್ಟಾಗ, ಹೋಲ್ಟನ ಮೊದಲ ಯಂತ್ರದ ಪಾದಗಳೂ ಮರದವೇ ಎಂಬುದು ನಮಗೆ ನೆನಪಾಗಿ ಸಮಾಧಾನವಾಯಿತು. ಒಂದೊಂದು ಕೊಂಡಿಯೂ ಕೈಯಲ್ಲಿ ಹಿಡಿದರೆ ನಿರ್ದೋಷ. ಜೋಡಿಸಿ ಓಡಿಸಿದರೆ, ಮೂರು ಸುತ್ತು ತಿರುಗುವುದರೊಳಗೆ ಟಕಟಕನೆ ಹಲ್ಲಿನ ಮೇಲೇರಿ ಪಕ್ಕಕ್ಕೆ ಜಾರಿ ಬೀಳುತ್ತಿತ್ತು. ಬಿಗಿ ಮಾಡಿದರೆ ಮೋಟಾರು ನಿಲ್ಲುತ್ತಿತ್ತು, ಸಡಿಲಿಸಿದರೆ ಕಳಚುತ್ತಿತ್ತು. ಆಚಾರಿಯವರ ಕೈ ತಪ್ಪಿದುದನ್ನು ಊರಿನವರು ನೋಡಿದ್ದು ಅದೇ ಮೊದಲಿರಬೇಕು. ಅವರು ಎಂಟು ದಿನ ಅಂಗಡಿಯ ಬಾಗಿಲನ್ನು ಅರ್ಧ ಮುಚ್ಚಿಕೊಂಡೇ ಕೆಲಸ ಮಾಡಿದರು.

ತಪ್ಪು ಎಲ್ಲಿತ್ತು? ಬಾಗಿಲ ಚೌಕಟ್ಟಿನಲ್ಲಿ ಕೂದಲೆಳೆಯಷ್ಟು ತಪ್ಪಿದರೆ ಅದು ಕೂದಲೆಳೆಯಾಗಿಯೇ ಉಳಿಯುತ್ತದೆ. ಸರಪಳಿಯಲ್ಲಿ ಅದು ಕೂಡುತ್ತ ಹೋಗುತ್ತದೆ. ಒಂದು ಕೊಂಡಿ ಎಳೆಯಷ್ಟು ಉದ್ದ, ಮುಂದಿನದೂ ಎಳೆಯಷ್ಟು ಉದ್ದ. ಮೂವತ್ತು ಕೊಂಡಿಗಳು ಕಳೆಯುವಷ್ಟರಲ್ಲಿ ಅರ್ಧ ಕೊಂಡಿಯಷ್ಟು ಅಂತರ ಬಿದ್ದಿರುತ್ತದೆ, ಹಲ್ಲು ಹುಡುಕುವ ಜಾಗದಲ್ಲಿ ಕೊಳವೆ ಇರುವುದಿಲ್ಲ. ಹಳೆಯ ಕುಶಲಕರ್ಮಿಯ ಕಣ್ಣು ಒಂದು ವಸ್ತುವನ್ನು ಅದರ ನೆರೆಯ ವಸ್ತುವಿಗೆ ಹೊಂದಿಸುತ್ತದೆ. ಗಾಡಿಯ ಚಕ್ರದಲ್ಲಿ ಈ ಅರೆ ಆ ಕುಳಿಗೆ ಕೂತರೆ ಸರಿ. ಇನ್ನೊಂದು ಕುಳಿಗೆ ಕೂಡಬೇಕಾಗಿಲ್ಲ. ಯಂತ್ರಕ್ಕೆ ಬೇಕಾದುದು ಯಾವುದು ಯಾವುದರೊಂದಿಗೂ ಕೂಡುವ ಸಮತೆ. ಎಲ್ಲಿಯೋ ಓದಿದ್ದ ಈ ಮಾತಿನ ಅರ್ಥ ನಮಗಾದುದು ಬರಗೂರಿನ ಆ ಜಗಲಿಯ ಮೇಲೆ.

ಬಿಡಿಸಿದವನು ಮಗ. ಯುಗಾದಿಗೆ ಊರಿಗೆ ಬಂದವನು ಸರಪಳಿಯನ್ನು ಕೈಯಲ್ಲಿ ತೂಗಿ ನೋಡಿ, ಏನೂ ಹೇಳದೆ, ಮರುದಿನ ಉಕ್ಕಿನ ಒಂದು ತುಂಡಿನಲ್ಲಿ ಎರಡು ರಂಧ್ರ ಕೊರೆದು ತಂದ. ಆ ತುಂಡಿನಡಿ ಹಿತ್ತಾಳೆಯ ಪಟ್ಟಿಯನ್ನು ಸಿಕ್ಕಿಸಿ, ಅದರ ರಂಧ್ರಗಳ ಮೂಲಕವೇ ಬೈರಿಗೆ ಇಳಿಸಿದರೆ, ನೂರು ಪಟ್ಟಿ ಕೊರೆದರೂ ರಂಧ್ರದಿಂದ ರಂಧ್ರಕ್ಕೆ ದೂರ ಒಂದೇ. ಕಾರ್ಖಾನೆಯಲ್ಲಿ ದಿನವೂ ಮಾಡುವ ಕೆಲಸ. ತಂದೆ ಆ ತುಂಡನ್ನು ತಿರುಗಿಸಿ ತಿರುಗಿಸಿ ನೋಡಿ, "ಇದು ನಿನ್ನ ತಾತ ಅರೆಗಳಿಗೆ ಇಟ್ಟುಕೊಂಡಿದ್ದ ಅಳತೆ ಕೋಲಿನ ಹಾಗೆಯೇ. ಅದು ಗೀಟು ತೋರಿಸುತ್ತಿತ್ತು, ಇದು ಕೈ ಹಿಡಿಯುತ್ತದೆ" ಎಂದರು. ಮಗನು ಹಬ್ಬದ ರಜ ಮುಗಿದ ಮೇಲೂ ಎರಡು ದಿನ ಉಳಿದ. ಹಿತ್ತಾಳೆಯ ಕೊಂಡಿ, ಉಕ್ಕಿನ ಅಚ್ಚು, ಪಾದಗಳು ಮಾತ್ರ ತಂದೆಯ ಹಟದಿಂದ ಮರದವೇ ಆಗಿ ಸರಪಳಿ ಎದ್ದು ಕುಳಿತಿತು.

ಇಲ್ಲಿ ಒಂದು ಸೂಕ್ಷ್ಮ. ನಿಜವಾದ ಯಂತ್ರದ ಹಲ್ಲುಚಕ್ರದಲ್ಲಿ ಹಲ್ಲುಗಳ ಸಂಖ್ಯೆ ಬೆಸ. ಕೊಂಡಿಯ ಕೊಳವೆಗಳು ಒಂದು ಬಿಟ್ಟು ಒಂದು ಹಲ್ಲಿನ ಸಂದಿಗೆ ಕೂಡುತ್ತವೆ. ಸಂಖ್ಯೆ ಬೆಸವಾದುದರಿಂದ ಒಂದು ಸುತ್ತಿನಲ್ಲಿ ದುಡಿದ ಹಲ್ಲು ಮುಂದಿನ ಸುತ್ತಿನಲ್ಲಿ ವಿಶ್ರಮಿಸುತ್ತದೆ. ಎಲ್ಲ ಹಲ್ಲುಗಳೂ ಸಮವಾಗಿ ಸವೆಯುತ್ತವೆ. ಚಿತ್ರದಲ್ಲಿ ಹಲ್ಲುಗಳು ವೃಥಾ ಹೆಚ್ಚಾಗಿವೆಯೆಂದು ಬಗೆದು ನಾವು ಅರ್ಧದಷ್ಟನ್ನೇ ಕಡೆಸಲಿದ್ದೆವು. ಪುಸ್ತಕವನ್ನು ತಿದ್ದಲು ಹೊರಡುವ ಮುನ್ನ ಎಣಿಸಬೇಕೆಂದು ಹುಡುಗರಿಗೆ ಹೇಳುತ್ತಿದ್ದವರು ನಾವೇ.

ಎರಡನೆಯ ಬೇಸಿಗೆಯ ಕೊನೆಗೆ, ಅಕಾಲದ ಒಂದು ಮಳೆ ಬಿದ್ದ ಮಾರನೆಯ ಬೆಳಗ್ಗೆ, ಮಾದರಿಯನ್ನು ಕೆರೆಯಂಗಳಕ್ಕೆ ಒಯ್ದೆವು. ಸುದ್ದಿ ಮುಂದಾಗಿಯೇ ಹಬ್ಬಿ ಶಾಲೆಯ ಮಕ್ಕಳೆಲ್ಲ ನೆರೆದಿದ್ದರು. ತಂತಿ ಸೇರಿಸಿದೊಡನೆ ಅದು ಕೆಸರಿನ ಮೇಲೆ ಗಂಭೀರವಾಗಿ ಹೊರಟಿತು. ಎಡಕ್ಕೆ ಹೊರಳಿತು, ಬಲಕ್ಕೆ ಹೊರಳಿತು. ಅದು ಹೋದ ಜಾಗದಲ್ಲಿ ಪಾದದ ಗುರುತು ಸಹ ಸರಿಯಾಗಿ ಬೀಳಲಿಲ್ಲ. ಮಕ್ಕಳು ಕೂಗಿದರು. ನಾವು, ಪ್ರಶ್ನೆಗೆ ಉತ್ತರ ದೊರೆಯಿತಲ್ಲವೆ ಎಂಬಂತೆ ಆಚಾರಿಯವರ ಕಡೆಗೆ ನೋಡಿದೆವು. ಅವರ ಮುಖದಲ್ಲಿ ಸಂತೋಷವಿರಲಿಲ್ಲ. "ಇದು ಮುಳುಗದೆ ಇರುವುದು ಸರಪಳಿಯಿಂದಲ್ಲ, ಹಗುರವಾಗಿರುವುದರಿಂದ. ಇಷ್ಟೇ ತೂಕದ ಗಾಡಿಯನ್ನು ಬಿಟ್ಟರೂ ಮುಳುಗದು" ಎಂದರು.

ಅವರು ಹೇಳಿದ್ದು ಅಕ್ಷರಶಃ ನಿಜ. ಗೆಲಿಲಿಯೊ 1638ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಈ ತತ್ತ್ವವನ್ನು ಬಿಡಿಸಿ ಹೇಳಿದ್ದಾನೆ. ನಾವೂ ಪ್ರತಿ ವರ್ಷ ಹೇಳುತ್ತೇವೆ. ಆದರೆ ಕೆರೆಯಂಗಳದಲ್ಲಿ ನಿಂತು ನಮಗೆ ಹೊಳೆಯಲಿಲ್ಲ. ಒಂದು ವಸ್ತುವಿನ ಉದ್ದವನ್ನು ಎಂಟರಲ್ಲೊಂದು ಪಾಲಿಗಿಳಿಸಿದರೆ ಅದರ ವಿಸ್ತೀರ್ಣ 64ರಲ್ಲೊಂದು ಪಾಲಿಗಿಳಿಯುತ್ತದೆ. ತೂಕವಾದರೋ 512ರಲ್ಲೊಂದು ಪಾಲಿಗೆ. ಡಿ-2ರ ತೂಕ 7,000 ಪೌಂಡಿಗೆ ಕೊಂಚ ಮೇಲೆ. ಲೆಕ್ಕದ ಸುಲಭಕ್ಕೆ 7,000ವೆಂದೇ ಇಟ್ಟುಕೊಳ್ಳೋಣ. ಅದರ ನಿಷ್ಠುರವಾದ ಪ್ರತಿ ತೂಗಬೇಕಾದುದು 14 ಪೌಂಡಿಗೂ ಕಡಮೆ. ತೂಕ ವಿಸ್ತೀರ್ಣಕ್ಕಿಂತ ಎಂಟು ಪಾಲು ಹೆಚ್ಚು ಕುಗ್ಗಿದ್ದರಿಂದ ನೆಲದ ಮೇಲಣ ಒತ್ತಡವೂ ಎಂಟರಲ್ಲೊಂದು ಪಾಲಾಗಿಬಿಡುತ್ತದೆ. ಆದರೆ ಕೆಸರು ಎಂಟರಲ್ಲೊಂದು ಪಾಲಿನದಲ್ಲ. ಯಂತ್ರಕ್ಕೆ ಮಾದರಿ ಮಾಡಿದ್ದೆವು, ಮಣ್ಣಿಗೆ ಮಾಡಿರಲಿಲ್ಲ. ಮಾಡುವುದು ಸಾಧ್ಯವೂ ಇರಲಿಲ್ಲ.

ಹಾಗಾದರೆ ನಿಜವಾದ ಒತ್ತಡವನ್ನು ತರಲು ಎಷ್ಟು ಭಾರ ಹೇರಬೇಕು? 7,000ವನ್ನು 64ರಿಂದ ಭಾಗಿಸಿದರೆ ಸುಮಾರು 110 ಪೌಂಡು. ಈಗಿನ ಲೆಕ್ಕದಲ್ಲಿ 50 ಕಿಲೊ. ಅರ್ಧ ಕ್ವಿಂಟಾಲಿನ ರಾಗಿ ಚೀಲ! ಅದು ಹಳ್ಳಿಯಲ್ಲಿ ಸಿಗದ ವಸ್ತುವೆ? ಒಬ್ಬರು ಹೊತ್ತು ತಂದರು. ಹುಡುಗನೊಬ್ಬನ ಹತ್ತಿರ ಹೆಚ್ಚು ಕಡಮೆ ಇದೇ ಅಗಲದ ನಾಲ್ಕು ಚಕ್ರದ ಆಟದ ಗಾಡಿಯಿತ್ತು. ಮೊದಲು ಅದರ ಮೇಲೆ ಚೀಲವನ್ನಿಟ್ಟೆವು. ಎಳೆಯುವ ಮೊದಲೇ ಚಕ್ರಗಳು ಕೆಸರಿನಲ್ಲಿ ಕಾಣದಾದುವು. ಬಳಿಕ ಅದೇ ಚೀಲವನ್ನು ಮಾದರಿಯ ಮೇಲೆ ಹೇರಿದೆವು. ಮೋಟಾರಿಗೆ ಅಷ್ಟು ಶಕ್ತಿಯಿಲ್ಲದ್ದರಿಂದ ಅದನ್ನು ಬಿಡಿಸಿ, ಮುಂದೆ ಹಗ್ಗ ಕಟ್ಟಿ ಎಳೆದೆವು. ಅದು ಅರ್ಧ ಅಂಗುಲ ತಗ್ಗಿತು, ಒಮ್ಮೆ ನರಳಿತು, ಅನಂತರ ತನ್ನ ಮರದ ಪಾದಗಳ ಮುದ್ರೆಯನ್ನು ಎರಡು ಸಾಲಾಗಿ ಒತ್ತುತ್ತ, ಹೂಳದೆ, ಐದಾರು ಮಾರು ನಡೆಯಿತು. ಆಮೇಲೆ ಕರಿಜಾಲಿಯ ಎಡ ಚೌಕಟ್ಟು ಸಿಡಿದ ಸದ್ದು ಕೇಳಿಸಿತು.

ಎರಡು ವರ್ಷದ ಕೆಲಸ ಬಿರುಕು ಬಿಟ್ಟುದನ್ನು ಕಂಡು ನಾವು ಹೌಹಾರಿದೆವು. ಆಚಾರಿಯವರು ಕೆಸರಿನಲ್ಲಿಯೇ ಕುಕ್ಕರಗಾಲಿನಲ್ಲಿ ಕುಳಿತು ಆ ಪಾದಗಳ ಗುರುತನ್ನು ಬೆರಳಿನಿಂದ ಅಳೆಯುತ್ತಿದ್ದರು. "ಈಗ ತಿಳಿಯಿತು" ಎಂದರು. ನಿಜವಾದ ಡಿ-2 ನೆಲದ ಮೇಲೆ ಚದರ ಅಂಗುಲಕ್ಕೆ ಹಾಕುವ ಒತ್ತಡ ಐದಾರು ಪೌಂಡಿನ ಸುಮಾರು. ನಡೆಯುವ ಮನುಷ್ಯನ ಪಾದ ಒತ್ತುವುದು ಅದಕ್ಕಿಂತ ಕಡಮೆಯಲ್ಲ. ಎತ್ತಿನ ಗೊರಸು ಒತ್ತುವುದು ಬಹಳ ಹೆಚ್ಚು. ಈ ಅಂಕಿಗಳನ್ನು ನಾವು ಆಮೇಲೆ ಹೇಳಿದೆವು. ಅವರಿಗೆ ಅದರ ಅಗತ್ಯ ಅಷ್ಟಾಗಿ ಇದ್ದಂತೆ ತೋರಲಿಲ್ಲ.

ಮಣ್ಣಿಗೆ ಮಾದರಿಯಿಲ್ಲವೆಂಬ ಮಾತು ಆ ದಿನದಿಂದ ನಮ್ಮ ತಲೆಯಲ್ಲಿ ಸುಳಿಯುತ್ತಿದೆ. ಇದಕ್ಕೆ ಸಂಬಂಧಿಸಿದ ಒಂದು ಪ್ರಸಂಗ ಕಡಲೆಕಾಯಿಯ ಸೀಮೆಯವರಾದ ನಮಗೆ ತೀರ ಹತ್ತಿರದ್ದು. ಎರಡನೆಯ ಮಹಾಯುದ್ಧವು ಮುಗಿದಾಗ ಇಂಗ್ಲೆಂಡಿನಲ್ಲಿ ಅಡುಗೆಯ ಎಣ್ಣೆಗೆ ಅಭಾವವಾಯಿತು. ಪೂರ್ವ ಆಫ್ರಿಕದ ಟಾಂಗನ್ಯೀಕದಲ್ಲಿ ಕಾಡು ಕಡಿದು, ಮೂವತ್ತು ಲಕ್ಷ ಎಕರೆಗೂ ಮೇಲ್ಪಟ್ಟು ಕಡಲೆಕಾಯಿ ಬಿತ್ತಬೇಕೆಂದು ಆ ಸರ್ಕಾರವು ಹೊರಟಿತು. 1947ರಲ್ಲಿ ಕೊಂಗ್ವಾ ಎಂಬಲ್ಲಿ ಕೆಲಸ ಆರಂಭವಾಯಿತು. ಯುದ್ಧದಲ್ಲಿ ಮಿಕ್ಕ ಸರಪಳಿ ಟ್ರಾಕ್ಟರುಗಳನ್ನು ಫಿಲಿಪೈನ್ಸ್ ದ್ವೀಪಗಳಿಂದ ತರಿಸಿದರು. ಸಾಲದೆ ಬಂದಾಗ ಷರ್ಮನ್ ಎಂಬ ಯುದ್ಧದ ಟ್ಯಾಂಕುಗಳನ್ನೇ ಮಾರ್ಪಡಿಸಿ ಟ್ರಾಕ್ಟರು ಮಾಡಿದರು. ಯಂತ್ರಗಳು ಹೋಗಲಾರದ ಸ್ಥಳವಿರಲಿಲ್ಲ. ಆದರೆ ಆ ನೆಲದ ಜೇಡಿ ಮಳೆ ನಿಂತೊಡನೆ ಸುಟ್ಟ ಇಟ್ಟಿಗೆಯಂತಾಗುತ್ತಿತ್ತು. ಕಡಲೆಕಾಯಿಯ ಹೂವು ಮೇಲರಳಿದರೂ ಅದರ ಮೊಗಸು ಮಣ್ಣಿಗಿಳಿದು ಅಲ್ಲಿಯೇ ಕಾಯಿಕಟ್ಟಬೇಕು. ಕಟ್ಟಿದ ಕಾಯಿಯನ್ನು ಮಣ್ಣು ಬಿಟ್ಟುಕೊಡಲೂ ಬೇಕು. 1951ರ ಜನವರಿಯಲ್ಲಿ ಯೋಜನೆಯನ್ನು ಕೈಬಿಟ್ಟಾಗ ನಷ್ಟ 3 ಕೋಟಿ 60 ಲಕ್ಷ ಪೌಂಡುಗಳ ಮಟ್ಟದಲ್ಲಿತ್ತು. ನಾವು ಈ ಕಥೆಯನ್ನು ಜಗಲಿಯ ಮೇಲೆ ಹೇಳಿದಾಗ ಆಚಾರಿಯವರ ಮನೆಯವರು ಒಳಗಿನಿಂದಲೇ, "ಕೊಯಿಲಿಗೆ ಮಳೆ ಬಾರದ ವರ್ಷ ಗಿಡ ಕಿತ್ತರೆ ಬರಿ ಬಳ್ಳಿ ಬರುತ್ತದೆ, ಕಾಯಿ ಒಳಗೇ ಕೂರುತ್ತದೆ. ಅದನ್ನು ಅವರು ಯಾರನ್ನೂ ಕೇಳಲಿಲ್ಲವೆ?" ಎಂದರು. ಅಂತಹ ವರ್ಷ ಹೆಂಗಸರು ಒಂದೊಂದು ಕಾಯಿಗೂ ನೆಲ ಕೆದಕುವುದನ್ನು ನಾವು ಬಾಲ್ಯದಲ್ಲಿ ಕಂಡಿದ್ದೇವೆ.

ಇದರಿಂದ ನಾವು ಯಂತ್ರದ ವಿರೋಧಿಗಳೆಂದು ತಿಳಿಯಬಾರದು. 1964ರಲ್ಲಿ ಸ್ಥಾಪಿತವಾದ ಭಾರತ್ ಅರ್ತ್ ಮೂವರ್ಸ್ ಸಂಸ್ಥೆಯು ನಮ್ಮ ಕೋಲಾರದ ಚಿನ್ನದ ಗಣಿಯ ಊರಿನಲ್ಲಿಯೇ ಇಂತಹ ಸರಪಳಿ ಯಂತ್ರಗಳನ್ನು ಕಟ್ಟಿದೆ. ಗಣಿ ಮುಚ್ಚಿದ ಊರಿಗೆ ಅದು ಆಸರೆಯೂ ಆಯಿತು. ವರ್ಷಕ್ಕೆ ಇಪ್ಪತ್ತು ಇಪ್ಪತ್ತೈದು ಅಂಗುಲ ಮಳೆ ಕಾಣುವ ಸಿರಾ ಪಾವಗಡಗಳ ಕಡೆಯಲ್ಲಿ ಕೆರೆಯ ಹೂಳನ್ನು ಗುದ್ದಲಿಯಿಂದಲೇ ತೆಗೆಯುತ್ತೇವೆಂದರೆ ನಾಲ್ಕು ತಲೆಮಾರು ಬೇಕಾದೀತು. ನಮಗೆ ಅನಿಸುವುದು ಇಷ್ಟು. ಆ ಯಂತ್ರವನ್ನು ಗೆರೆಗೆ ಗೆರೆ ಅಳೆದು ಪುಸ್ತಕ ಬರೆದವರಿದ್ದಾರೆ, ಅದರ ಮೊಳೆಯೊಂದರ ಸಂಖ್ಯೆಯನ್ನೂ ಇಂದು ತೆಗೆದು ನೋಡಬಹುದು. ನಮ್ಮ ತೆಳು ಕೆಮ್ಮಣ್ಣಿನಲ್ಲಿ ಬೀಜವನ್ನು ಎಷ್ಟು ಆಳಕ್ಕೆ, ಯಾವ ಓರೆಗೆ ಬಿಡಬೇಕೆಂದು ತಿಳಿದು ಮಾಡಿದ ಕೂರಿಗೆಯ ಅಳತೆ ಯಾವ ಪುಸ್ತಕದಲ್ಲಿದೆ? ಆಚಾರಿಯವರನ್ನು ಕೇಳಿದರೆ ಕೈಯನ್ನು ಓರೆಯಾಗಿ ಹಿಡಿದು "ಇಷ್ಟು" ಎನ್ನುತ್ತಾರೆ.

ಮಾದರಿ ಈಗ ಅವರ ಅಂಗಡಿಯ ಮುಂದಿನ ಕಟ್ಟೆಯ ಮೇಲಿದೆ. ಸಿಡಿದ ಚೌಕಟ್ಟನ್ನು ಬದಲಾಯಿಸೋಣವೆಂದರೆ ಒಪ್ಪಲಿಲ್ಲ. ಗಾಡಿಯ ಚಕ್ರಕ್ಕೆ ಹಾಕುವಂತೆ ಕಾಯಿಸಿದ ಕಬ್ಬಿಣದ ಪಟ್ಟಿಯನ್ನು ಅದಕ್ಕೆ ಬಿಗಿದಿದ್ದಾರೆ. ಕಳೆದ ದಸರೆಯ ರಜದಲ್ಲಿ ಹೋದಾಗ ಅದರ ಪಕ್ಕದಲ್ಲಿ ಇನ್ನೊಂದು ವಸ್ತು ಕುಳಿತಿತ್ತು. ಅಡಿಗೆ ಒಂದೂವರೆ ಅಂಗುಲದ ಲೆಕ್ಕದಲ್ಲಿಯೇ ಮಾಡಿದ ಕೂರಿಗೆ. ಬಟ್ಟಲು, ಬಿದಿರಿನ ಕೊಳವೆಗಳು, ಕುಳಗಳು, ಎಲ್ಲ ಸಹಿತ. ಕುಳಗಳನ್ನು ಪೀಣ್ಯದಿಂದ ಮಗ ಮಾಡಿ ಕಳಿಸಿದನಂತೆ. ಯಂತ್ರಕ್ಕೆ ಬಣ್ಣ ಬಳಿಯುವುದು ಬಾಕಿ ಇತ್ತು. ಕ್ಯಾಟರ್ಪಿಲ್ಲರ್ ಯಂತ್ರಗಳು 1931ರವರೆಗೆ ಬೂದಿ ಬಣ್ಣದವು, ಆಮೇಲೆ ಹಳದಿ, ಆದುದರಿಂದ ಡಿ-2ಕ್ಕೆ ಹಳದಿಯೇ ಸರಿಯೆಂದು ನಾವು ಒಂದು ಡಬ್ಬ ಒಯ್ದಿದ್ದೆವು. ಅವರು ಅದನ್ನು ತೆಗೆದಿಟ್ಟುಕೊಂಡು, ಬಣ್ಣ ಬಳಿದರೆ ಯಾವುದು ಜಾಲಿ ಯಾವುದು ಹಾಲೆ ಎಂದು ನೋಡಿದವರಿಗೆ ತಿಳಿಯುವುದು ಹೇಗೆ ಎಂದರು. ಡಬ್ಬ ಇನ್ನೂ ಒಡೆದಿಲ್ಲ.